ಮುದ್ದೆಯ ಪಕ್ಕದ ಲೋಟ

ಆಲ್ಪ್ಸ್ ಬೆಟ್ಟದವರ ಊಟ ಅಂದರೆ ಏನೋ ಮಹಾ ವೈಭವ ಅಂದುಕೊಳ್ಳುವವರು ನಮ್ಮೂರು ಕಳ್ಳಂಬೆಳ್ಳದ ಯಾವ ಅಡುಗೆಮನೆಗಾದರೂ ಬಂದು ನೋಡಲಿ. ಉತ್ತರ ಇಟಲಿಯ ವಾಲ್ತೆಲ್ಲಿನಾ ಕಣಿವೆಯವರು ತಾಮ್ರದ ಪಾತ್ರೆಯಲ್ಲಿ ಎಸರಿಟ್ಟು, ಮುಸುಕಿನ ಜೋಳದ ಹಿಟ್ಟು ಸುರಿದು, ರಟ್ಟೆ ಸೋಲುವವರೆಗೂ ಕೋಲಾಡಿಸುತ್ತಾರೆ. ಪೊಲೆಂಟಾ ಅಂತೆ! ಹಲಗೆಯ ಮೇಲೆ ಮಗುಚಿ ದಾರದಲ್ಲಿ ಕೊಯ್ಯುತ್ತಾರೆ. ನಾವು ಕೈ ಒದ್ದೆ ಮಾಡಿಕೊಂಡು ರಾಗಿಮುದ್ದೆ ಕಟ್ಟುತ್ತೇವೆ.

ಕಟ್ಟುವುದು ಕೊನೆಯ ಮಾತು. ಮೊದಲು ಒಂದು ಹಿಡಿ ರಾಗಿಹಿಟ್ಟು ಕದಡಿ ಎಸರಿಗೆ ಬಿಡಬೇಕು. ಅದು ಉಕ್ಕಿದ ಮೇಲೆ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಸುಮ್ಮನೆ ಬೇಯಲು ಬಿಡಬೇಕು. ಅವಸರಪಟ್ಟು ತಿರುವಿದರೆ ಗಂಟು ಗ್ಯಾರಂಟಿ. ಊಟಕ್ಕೆ ಕೂತ ಅಜ್ಜ ಮೊದಲ ತುತ್ತಿಗೇ ಸೊಸೆಯ ತವರನ್ನು ಎತ್ತಿ ಆಡುತ್ತಾನೆ. ಮುದ್ದೆಯ ಜೊತೆಗೆ ಚಳಿಗಾಲದಲ್ಲಿ ಸೊಗಡವರೆಯ ಹಿತಕಿದಬೇಳೆ ಸಾರು, ಮಿಕ್ಕ ದಿನ ಹುರುಳಿಕಾಳಿನ ಬಸ್ಸಾರು. ಇಂಥ ಸಾರಿನ ಮುಂದೆ ಆ ಕಣಿವೆಯವರ ಚೀಸು ಯಾವ ಲೆಕ್ಕ, ನಾನಂತೂ ಪಕ್ಷಪಾತಿ.

ಅವರು ಗೆದ್ದಿರುವುದು ಲೋಟದಲ್ಲಿ. ಕಡಿದಾದ ಇಳಿಜಾರಿಗೆ ಗಾರೆಯಿಲ್ಲದ ಕಲ್ಲುಗೋಡೆ ಪೇರಿಸಿ ದ್ರಾಕ್ಷಿ ಬೆಳೆದರು. ಕೊಯ್ದ ಗೊಂಚಲನ್ನು ತಿಂಗಳುಗಟ್ಟಲೆ ಒಣಗಿಸಿ ಹಿಂಡುವ ಸ್ಫೊರ್ಜಾಟೊ ವೈನಿಗೆ 2003ರಲ್ಲಿ ಇಟಲಿ ಸರ್ಕಾರ ತನ್ನ ಅತ್ಯುನ್ನತ ದರ್ಜೆಯ ಮುದ್ರೆ ಒತ್ತಿತು.

ನಮ್ಮ ಹಳ್ಳದ ದಡದ ಈಚಲಿಗೆ ಕಲ್ಲುಗೋಡೆಯೂ ಬೇಡ, ನೀರೂ ಹಾಯಿಸಬೇಕಿಲ್ಲ. ಈಡಿಗರು ಸಂಜೆ ಮರವೇರಿ, ಕತ್ತಿನ ಬಳಿ ಕೆತ್ತಿ ಮಡಕೆ ಕಟ್ಟಿದರೆ ಬೆಳಗಿಗೆ ಸಿಹಿ ನೀರಾ ಸಿಗುತ್ತಿತ್ತು. ಬಿಸಿಲೇರುತ್ತಿದ್ದಂತೆ ಅದು ತಾನಾಗಿಯೇ ಹುಳಿತು ನೊರೆಗಟ್ಟಿ ಹೆಂಡವಾಗುತ್ತಿತ್ತು. ಒಂದು ವರ್ಷ ಈ ಮಗ್ಗುಲು, ಮರುವರ್ಷ ಆ ಮಗ್ಗುಲು ಕೆತ್ತುತ್ತಿದ್ದುದರಿಂದ ಹಳೆಯ ಮರದ ಕಾಂಡ ಅಂಕುಡೊಂಕಾಗಿರುತ್ತದೆ. ಆ ಕಚ್ಚುಗಳನ್ನು ಎಣಿಸಿದರೆ ಮರ ಎಷ್ಟು ವರ್ಷ ದುಡಿಯಿತೆಂದು ಹೇಳಬಹುದು.

ನಮ್ಮ ರಾಜ್ಯ ಸರ್ಕಾರ ಈಚಲ ಹೆಂಡವನ್ನು ನಿಷೇಧಿಸಿ ಆ ಮಡಕೆಯನ್ನು ಕೆಳಗಿಳಿಸಿತು. ಕರಾವಳಿಯಲ್ಲಿ ಮಾತ್ರ ತೆಂಗು ತಾಳೆಯ ಶೇಂದಿಗೆ ಅನುಮತಿ ಉಳಿಯಿತು. 2007ರ ಜುಲೈಯಲ್ಲಿ ಸಾರಾಯಿಯೂ ಹೋಯಿತು. ಸಾರಾಯಿ ಹೋದದ್ದಕ್ಕೆ ಮರುಗುವವನು ನಾನಲ್ಲ. ಅದರ ಪ್ಯಾಕೆಟ್ಟು ಎಷ್ಟೋ ಮನೆಗಳ ಒಲೆ ಆರಿಸಿತ್ತು. ಹೆಂಡವೂ ಸಾಧು ಪ್ರಾಣಿಯೇನಲ್ಲ, ಕಲಬೆರಕೆಗೆ ಬಲು ಬೇಗ ಬಲಿಬೀಳುತ್ತಿತ್ತು. ಆದರೂ ಬ್ರಾಂದಿಗೆ ಲೈಸೆನ್ಸು, ಈಚಲಿಗೆ ಕೇಸು ಅನ್ನುವ ನ್ಯಾಯ ನನಗೆ ಅರಗಿಲ್ಲ. ಮುದ್ದೆ ನೋಡಿ, ಪುಣೆ ಹೆದ್ದಾರಿಯ ಹೋಟೆಲಿನಲ್ಲಿ ಕಾರಿನವರೂ ಕೇಳಿ ತಿನ್ನುವ ದರ್ಜೆಗೇರಿದೆ. ಕುಡಿಯಲು ಏನಿದೆ ಅಂದರೆ ಸಪ್ಲೈಯರ್ ಮಜ್ಜಿಗೆ ತಂದಿಡುತ್ತಾನೆ. ಅದಕ್ಕೂ ಬಿಲ್ಲು ಬೇರೆ.