ನೆಲ ಒದ್ದೆಯಾಗದ ಸೋರಿಕೆ

ಪಾತ್ರೆ ಸೋರಿದರೆ ನೆಲ ಒದ್ದೆಯಾಗುತ್ತದೆ, ಮಾಳಿಗೆ ಸೋರಿದರೆ ಗೋಡೆ ತೇವವಾಗುತ್ತದೆ. ಸೋರಿಕೆಯೆಂದರೆ ಕಣ್ಣಿಗೆ ಕಾಣುವಂಥದ್ದು ಎಂದೇ ನಮ್ಮೆಲ್ಲರ ನಂಬಿಕೆ. ಹಳೆಯ ಕಾರಿನ ಎಂಜಿನ್ ಈ ನಂಬಿಕೆಗೆ ಬಗ್ಗುವುದಿಲ್ಲ. ಅಲ್ಲಿ ಸೋರಿದ ನೀರು ಕಾದ ಕಬ್ಬಿಣದ ಮೇಲೆ ಬಿದ್ದು, ನೆಲ ಮುಟ್ಟುವ ಮೊದಲೇ ಆವಿಯಾಗಿಬಿಡಬಹುದು. ರೇಡಿಯೇಟರಿನಲ್ಲಿ ನೀರಿಲ್ಲ, ಕೆಳಗೆ ಹನಿಯೂ ಇಲ್ಲ. ಆಗ ನಮ್ಮ ಅನುಮಾನ ಎಂಜಿನ್ನನ್ನು ಬಿಟ್ಟು ಅದರ ಪಕ್ಕ ನಿಂತ ಮನುಷ್ಯನ ಮೇಲೆ ಹೋಗುತ್ತದೆ.

ನಮ್ಮ ಕುಟುಂಬದಲ್ಲಿ ಒಂದು ಹಳೆಯ ಅಂಬಾಸಿಡರ್ ಇದೆ. 1489 ಸಿಸಿಯ ಪೆಟ್ರೋಲ್ ಎಂಜಿನ್, ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ವಂಶದ್ದು. ಬ್ಲಾಕ್ ಮತ್ತು ಹೆಡ್ ಎರಡೂ ಎರಕದ ಕಬ್ಬಿಣ. ಬಂಗಾಳದ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರ ಮೇ ತಿಂಗಳಲ್ಲೇ ನಿಂತುಹೋಯಿತು. ಆದರೂ ನಮ್ಮ ಕಡೆಯ ಮದುವೆಗಳಲ್ಲಿ ದುಲ್ಹಾನನ್ನು ಕೂರಿಸಲು ಈಗಲೂ ಇದನ್ನೇ ಕೇಳುತ್ತಾರೆ. ಓಡಿಸುವವನು ನಮ್ಮ ಆಪಾನ ಮಗ. ತಂದೆಯಿಲ್ಲದ ಹುಡುಗ. ನೆಂಟರು ಖುಷಿಯಿಂದ ಕೈಗಿಡುವ ಹಣವೇ ಅವನ ಕಾಲೇಜಿನ ಖರ್ಚು.

ಒಂದು ಬೇಸಗೆಯಲ್ಲಿ ಕಾರು ನೀರು ಕುಡಿಯತೊಡಗಿತು. ಐವತ್ತು ಕಿಲೋಮೀಟರ್ ಓಡಿದರೆ ಅರ್ಧ ಲೀಟರ್ ಮಾಯ. ಎರಡು ಸಲ ಘಾಟಿಯಲ್ಲಿ ಕಾದು ನಿಂತಿತು. ತೋರಿಸಿದ ಗ್ಯಾರೇಜಿನವರು ಬೋನೆಟ್ ಎತ್ತಿ ಐದು ನಿಮಿಷ ನೋಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು, ಇಪ್ಪತ್ತೈದು ಸಾವಿರವಾದರೂ ಬೇಕು ಎಂದರು. ನಮ್ಮ ಭಾಯಿಜಾನ್‌ಗೆ ಅದಕ್ಕೂ ಸುಲಭದ ಕಾರಣ ಸಿಕ್ಕಿತು. "ಈ ಹುಡುಗ ನೀರೇ ಹಾಕುವುದಿಲ್ಲ. ಹಾಕಿದೆ ಅಂತ ಸುಳ್ಳು ಹೇಳುತ್ತಾನೆ" ಎಂದು ಕೀ ಕಿತ್ತುಕೊಂಡರು. ಆಪಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಉರ್ದುವಿನಲ್ಲಿ ಬದ್‌ಗುಮಾನಿ ಎಂಬ ಮಾತಿದೆ. ಆಧಾರವಿಲ್ಲದೆ ಇನ್ನೊಬ್ಬರ ಬಗ್ಗೆ ಕೆಟ್ಟದ್ದನ್ನು ಊಹಿಸಿ, ಅದನ್ನೇ ನಿಜವೆಂದು ಹಿಡಿಯುವುದು. ಸೂರಃ ಹುಜುರಾತ್‌ನ 12ನೆಯ ಆಯತ್ತು ಬಹಳಷ್ಟು ಗುಮಾನಿಗಳಿಂದ ದೂರವಿರಿ ಎಂದು ವಿಶ್ವಾಸಿಗಳಿಗೆ ಹೇಳುತ್ತದೆ. ಚಿಕ್ಕಂದಿನಿಂದ ನಾವು ಅದನ್ನು ಬಾಯಿಪಾಠ ಮಾಡಿದವರು. ಪರೀಕ್ಷೆ ಮಾಡಿ ನೋಡುವುದು ಹೇಗೆಂದು ಆ ಸಲ ತೋರಿಸಿಕೊಟ್ಟವರು ಮಾತ್ರ ಊರಾಚೆಯ ಶೆಡ್ಡಿನ ಒಬ್ಬ ಹಳೆಯ ಮೆಕ್ಯಾನಿಕ್. ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಾರೆ. ಭಾಯಿಜಾನ್‌ರನ್ನು ಒಪ್ಪಿಸಿ, ನಾಲ್ಕನೆಯ ದಿನ ಕಾರನ್ನು ಅವರಲ್ಲಿಗೆ ಒಯ್ದೆವು.

ಉಸ್ತಾದ್ ಸ್ಪ್ಯಾನರ್ ಮುಟ್ಟಲಿಲ್ಲ. ಮೊದಲು, "ಎಷ್ಟು ಓಡಿದರೆ ಎಷ್ಟು ನೀರು ಹೋಗುತ್ತದೆ?" ಎಂದು ಹುಡುಗನನ್ನೇ ಕೇಳಿದರು. ಅವನು ಡ್ಯಾಶ್‌ಬೋರ್ಡಿನ ಖಾನೆಯಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದ. ತಾರೀಖು, ಕಿಲೋಮೀಟರ್, ಹಾಕಿದ ನೀರು. ಹನ್ನೊಂದು ಸಾಲು ಬರೆದಿಟ್ಟಿದ್ದ. ಮನೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಭಾಯಿಜಾನ್ ಕನ್ನಡಕ ಹಾಕಿಕೊಂಡು ಓದಿ, ಮಾತಿಲ್ಲದೆ ವಾಪಸು ಕೊಟ್ಟರು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆಯೇ ಉಸ್ತಾದ್ ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಿದರು. ಆ ಮುಚ್ಚಳ ನೀರನ್ನು ಒತ್ತಡದಲ್ಲಿ ಹಿಡಿದಿಡುತ್ತದೆ. ಚದರ ಸೆಂಟಿಮೀಟರಿಗೆ ಅರ್ಧ ಕಿಲೋದಷ್ಟು ಹೆಚ್ಚು ಒತ್ತಡವಿದ್ದರೆ ನೀರು ಸುಮಾರು 110 ಡಿಗ್ರಿಯವರೆಗೆ ಕುದಿಯುವುದಿಲ್ಲ. ಬಿಸಿಯಿದ್ದಾಗ ಮುಚ್ಚಳ ತೆಗೆದರೆ ಆ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರುತ್ತದೆ. ಮುಚ್ಚಳದೊಳಗಿನ ರಬ್ಬರ್ ಸವೆದಿದ್ದರೂ ನೀರು ಪಕ್ಕದ ಸಣ್ಣ ಪೈಪಿನಿಂದ ದಾರಿಯುದ್ದಕ್ಕೂ ಚೆಲ್ಲಿಹೋಗುತ್ತದೆ, ಮನೆಯಲ್ಲಿ ಗುರುತು ಸಿಗುವುದಿಲ್ಲ. ನಮ್ಮದರ ರಬ್ಬರ್ ಗಟ್ಟಿಯಾಗಿಯೇ ಇತ್ತು.

ಮುಂದೆ ಗ್ಯಾಸ್ಕೆಟ್ಟಿನ ವಿಚಾರಣೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿದರು. ನೀರು ಬೆರೆತಿದ್ದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತದೆ. ಇಲ್ಲಿ ಕಪ್ಪಗೇ ಇತ್ತು. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಸಿಲಿಂಡರಿಗೆ ನೀರು ಇಳಿಯುತ್ತಿದ್ದರೆ ಆವಿಯಲ್ಲಿ ತೊಳೆದಂತೆ ಒಂದು ಪ್ಲಗ್ ಮಾತ್ರ ಬೆಳ್ಳಗಿರುತ್ತದೆ. ಇಲ್ಲಿ ನಾಲ್ಕೂ ಒಂದೇ ಬಣ್ಣ. ಸ್ಟಾರ್ಟ್ ಮಾಡಿದಾಗ ರೇಡಿಯೇಟರಿನ ಬಾಯಲ್ಲಿ ಗುಳ್ಳೆ ಏಳಲಿಲ್ಲ, ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರಿನಿಂದ ಬಿಳಿ ಹೊಗೆ ಬರಲಿಲ್ಲ. "ಗ್ಯಾಸ್ಕೆಟ್ ಮೇಲೆ ಹೊರಿಸಲು ಒಂದು ಸಾಕ್ಷಿಯೂ ಇಲ್ಲವಲ್ಲ, ಭಾಯ್‌ಸಾಬ್" ಎಂದರು ಉಸ್ತಾದ್.

ಆಮೇಲೆ ಎಂಜಿನ್ ತಣಿಯಲು ಬಿಟ್ಟು ಒಂದು ಕೈಪಂಪು ತಂದರು. ಅದನ್ನು ಮುಚ್ಚಳದ ಜಾಗಕ್ಕೆ ಸಿಕ್ಕಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಕಾದರು. ಅದಕ್ಕಿಂತ ಹೆಚ್ಚು ಕೊಟ್ಟರೆ ಗಟ್ಟಿಯಿದ್ದದ್ದೂ ಒಡೆಯುತ್ತದಂತೆ. ಎಂಜಿನ್ ತಣ್ಣಗಿದ್ದರೆ ಸೋರಿದ ನೀರು ಆವಿಯಾಗುವುದಿಲ್ಲ, ಇದ್ದಲ್ಲೇ ಕಾಣಿಸಿಕೊಳ್ಳುತ್ತದೆ. ಹದಿನೈದು ನಿಮಿಷದಲ್ಲಿ ಮುಳ್ಳು ನಿಧಾನಕ್ಕೆ ಇಳಿಯಿತು. ಹೋಸುಗಳ ಕೀಲುಗಳು ಒಣಗಿದ್ದವು. ನೀರಿನ ಪಂಪಿನ ಅಡಿಯಲ್ಲಿ, ಒಳಗಿನ ಸೀಲ್ ಹೋದರೆ ತೊಟ್ಟಿಕ್ಕಲೆಂದೇ ಇಟ್ಟ ಸಣ್ಣ ತೂತೂ ಒಣಗಿತ್ತು. ಹುಡುಗ ಟಾರ್ಚ್ ಹಿಡಿದ. ಉಸ್ತಾದ್ ಕ್ಷೌರದಂಗಡಿಯ ಕೈಗನ್ನಡಿಯೊಂದನ್ನು ಬ್ಲಾಕಿನ ಪಕ್ಕ ಇಳಿಬಿಟ್ಟರು. ಕಣ್ಣಿಗೆ ನೇರ ಸಿಗದ ಮೂಲೆಯಲ್ಲಿ ತುಕ್ಕಿನ ಕೆಂಪು ಗೆರೆ, ಅದರ ಅಂಚಿಗೆ ಸುಣ್ಣದ ಬಿಳಿ, ಮೇಲೆ ಒಂದು ಹನಿ. ನೀರು ಆವಿಯಾದರೂ ನಮ್ಮ ಬೋರ್‌ವೆಲ್ಲಿನ ಉಪ್ಪು ಆವಿಯಾಗುವುದಿಲ್ಲ.

ಎಂಜಿನ್ ಬ್ಲಾಕನ್ನು ಎರಕ ಹೊಯ್ಯುವಾಗ ಒಳಗೆ ತುಂಬಿದ ಮರಳನ್ನು ತೆಗೆಯಲು ಪಕ್ಕದಲ್ಲಿ ತೂತುಗಳಿರುತ್ತವೆ. ಆಮೇಲೆ ಅವನ್ನು ತಗಡಿನ ಬಿಲ್ಲೆಗಳಿಂದ ಮುಚ್ಚುತ್ತಾರೆ. ತುಕ್ಕು ತಡೆಯುವ ಕೂಲಂಟ್ ಇಲ್ಲದೆ ಬರೀ ನೀರಿನಲ್ಲೇ ಓಡಿಸಿದರೆ ಆ ಬಿಲ್ಲೆ ಒಳಗಿನಿಂದ ತಿಂದುಹೋಗುತ್ತದೆ. ನಮ್ಮದರಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದಿತ್ತು.

ಇಂಥ ಹೊತ್ತಿನಲ್ಲಿ ರೇಡಿಯೇಟರಿಗೆ ಅರಿಶಿನದ ಪುಡಿ ಸುರಿಯುವ ಡ್ರೈವರುಗಳಿದ್ದಾರೆ. ದಾರಿಯಲ್ಲಿ ಸಿಕ್ಕಿಬಿದ್ದವನನ್ನು ಅದು ಮನೆ ಮುಟ್ಟಿಸೀತು. ಆದರೆ ಅದೇ ಪುಡಿ ರೇಡಿಯೇಟರಿನ ಸಣ್ಣ ನಳಿಗೆಗಳಲ್ಲೂ ಕೂತು ಎಂಜಿನ್ನನ್ನು ಇನ್ನಷ್ಟು ಕಾಯಿಸುತ್ತದೆ. ಉಸ್ತಾದ್ ಅದನ್ನು ಮಾಡಲಿಲ್ಲ. ನೀರು ಬಸಿದು, ಬಿಲ್ಲೆಯ ಒಂದು ಅಂಚಿಗೆ ಪೆಟ್ಟು ಕೊಟ್ಟು ಓರೆಯಾಗಿಸಿ, ಇಕ್ಕಳದಲ್ಲಿ ಎಳೆದರು. ಹಿಂದೆಯೇ ಕೆಂಪು ರಾಡಿ ಸುರಿಯಿತು. ಒಂದು ಕೊಳೆತಿದ್ದರೆ ಉಳಿದವೂ ಅದೇ ವಯಸ್ಸಿನವು ಎಂದು ಕೈಗೆಟುಕಿದ ಬಿಲ್ಲೆಗಳನ್ನೆಲ್ಲ ತೆಗೆದರು. ತಿಳಿನೀರು ಬರುವವರೆಗೆ ಒಳಗೆಲ್ಲ ತೊಳೆದು, ಕೂರುವ ಜಾಗವನ್ನು ಎಮರಿ ಕಾಗದದಿಂದ ಉಜ್ಜಿ, ಸೀಲಿಂಗ್ ಅಂಟು ಸವರಿ, ತುಕ್ಕು ಹಿಡಿಯದ ಹಿತ್ತಾಳೆಯ ಬಿಲ್ಲೆಗಳನ್ನು ಓರೆಯಾಗದಂತೆ ಬಡಿದು ಕೂರಿಸಿದರು. ಡಿಸ್ಟಿಲ್ಡ್ ನೀರು, ಕೂಲಂಟ್ ಅರ್ಧಕ್ಕರ್ಧ ತುಂಬಿ, ಮುಚ್ಚಳ ಹಾಕದೆ ಸ್ವಲ್ಪ ಹೊತ್ತು ಓಡಿಸಿ ಒಳಗಿನ ಗಾಳಿ ಹೊರಡಿಸಿದರು. ಎಂಜಿನ್ ತಣಿದ ಮೇಲೆ ಮತ್ತೆ ಪಂಪು ಹಚ್ಚಿದರು. ಈ ಸಲ ಮುಳ್ಳು ಅಲುಗಲಿಲ್ಲ. ಉಳಿದ ಕೂಲಂಟಿನ ಡಬ್ಬಿಯನ್ನು ಮಕ್ಕಳಿಗೆ ಎಟುಕದ ಕಡೆ ಇಡಿ, ರುಚಿ ಸಿಹಿ, ಒಳಗೆಲ್ಲ ವಿಷ ಎಂದು ಎಚ್ಚರಿಸಿದರು. ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಭಾಯಿಜಾನ್ ಉಸ್ತಾದರ ಕೈಚಳಕವನ್ನು ಹೊಗಳುತ್ತಲೇ ಇದ್ದರು. ಆಪಾ ರೊಟ್ಟಿ ಬಡಿಸುತ್ತ ನಿಂತು ಕೇಳಿದರು: "ನೀರಿನ ಲೆಕ್ಕವೇನೋ ಸಿಕ್ಕಿತು ಭಾಯಿಜಾನ್. ನಾಲ್ಕು ದಿನ ನನ್ನ ಮಗ ಸರಿಯಾಗಿ ಉಣ್ಣಲಿಲ್ಲ. ಅದನ್ನು ಯಾರ ಲೆಕ್ಕಕ್ಕೆ ಬರೆಯೋಣ?"

ನಮ್ಮಲ್ಲಿ ಯಾರೂ ಉತ್ತರಿಸಲಿಲ್ಲ. ಶುಕ್ರವಾರ ಜುಮಾ ನಮಾಜಿಗೆ ಹೊರಟಾಗ ಭಾಯಿಜಾನ್ ಕೀಯನ್ನು ಹುಡುಗನ ಕೈಗಿತ್ತು, ತಾವು ಪಕ್ಕದ ಸೀಟಿನಲ್ಲಿ ಕುಳಿತರು. "ಬಡೇ ಮಾಮು, ಒಂದು ನಿಮಿಷ" ಎಂದು ಅವನು ಬೋನೆಟ್ ಎತ್ತಿ, ನೀರಿನ ಮಟ್ಟ ನೋಡಿ, ನೋಟ್‌ಬುಕ್ಕಿನಲ್ಲಿ ಹನ್ನೆರಡನೆಯ ಸಾಲು ಬರೆದ. ಭಾಯಿಜಾನ್ ಅವನು ಬರೆದು ಮುಗಿಸುವವರೆಗೆ ಕಾದರು.