ಆಜ್ಞೆ ಮೀರುವ ಸಿಪಾಯಿ

ಕಂಪ್ಯೂಟರ್ ಯುದ್ಧದಾಟಗಳ ಸಿಪಾಯಿಗೆ ಸಾಮಾನ್ಯವಾಗಿ ಸಾವುಂಟು, ಸಾವಿನ ಭಯವಿಲ್ಲ. ಮೌಸ್ ಒತ್ತಿ ‘ಅಲ್ಲಿಗೆ ಹೋಗು’ ಎಂದರೆ ಮೆಷಿನ್‌ಗನ್ನಿನ ಎದುರಿಗೂ ನೆಟ್ಟಗೆ ನಡೆದುಬಿಡುತ್ತಾನೆ. ಪಕ್ಕದವನು ಬಿದ್ದರೆ ತಿರುಗಿ ನೋಡುವುದಿಲ್ಲ. ಚದುರಂಗದ ಕಾಲಾಳಿಗೆ ಸಮವಸ್ತ್ರ ತೊಡಿಸಿದರೆ ಹೇಗೋ ಹಾಗೆ.

1996ರಲ್ಲಿ ಬಂದ ‘ಕ್ಲೋಸ್ ಕಾಂಬ್ಯಾಟ್’ ಎಂಬ ಆಟ ಈ ರೂಢಿಯನ್ನು ಮುರಿಯಿತು. ಅಮೆರಿಕದ ಅಟಾಮಿಕ್ ಗೇಮ್ಸ್ ಸಂಸ್ಥೆ ತಯಾರಿಸಿದ ಈ ಆಟದ ರಂಗಭೂಮಿ 1944ರ ನಾರ್ಮಂಡಿ. ಒಮಾಹಾ ಕಡಲತೀರದಿಂದ ಸಾಂ ಲೋ ಪಟ್ಟಣದವರೆಗೆ ಅಮೆರಿಕನ್ನರಿಗೂ ಜರ್ಮನ್ನರಿಗೂ ನಡೆಯುವ ಕಾದಾಟ. ಆಟಗಾರ ಮಹಡಿಯ ಮೇಲಿಂದ ಬೀದಿ ನೋಡುವವನಂತೆ ಎಲ್ಲವನ್ನೂ ಮೇಲಿನಿಂದ ನೋಡುತ್ತಾನೆ. ಕೆಳಗೆ ಓಡಾಡುವ ಪುಟ್ಟ ಸಿಪಾಯಿಗಳಲ್ಲಿ ಒಬ್ಬೊಬ್ಬನಿಗೂ ಒಂದು ಹೆಸರಿದೆ. ಅದಕ್ಕಿಂತ ಮುಖ್ಯವಾಗಿ, ಒಬ್ಬೊಬ್ಬನಿಗೂ ಒಂದು ಮನಸ್ಸಿನ ಲೆಕ್ಕವಿದೆ. ಗುಂಡು ಎಷ್ಟು ಹತ್ತಿರ ಹಾದುಹೋಯಿತು, ಜೊತೆಗಾರ ಬಿದ್ದದ್ದನ್ನು ಕಂಡನೇ, ಎಷ್ಟು ದಣಿದಿದ್ದಾನೆ, ನಾಯಕ ಹತ್ತಿರದಲ್ಲಿದ್ದಾನೆಯೇ ಎಂಬುದೆಲ್ಲ ಆ ಲೆಕ್ಕಕ್ಕೆ ಸೇರುತ್ತದೆ. ರಣರಂಗದ ಮಾನಸಿಕ ಆಘಾತವನ್ನು ಬಲ್ಲ ಮನಶ್ಶಾಸ್ತ್ರಜ್ಞ ಸ್ಟೀವನ್ ಸಿಲ್ವರ್ ಅವರ ಸಲಹೆಯನ್ನು ಇದಕ್ಕಾಗಿ ಪಡೆಯಲಾಗಿತ್ತು.

ಪರಿಣಾಮ ಸ್ವಾರಸ್ಯಕರ. ಬಯಲು ದಾಟಿ ಆಚೆ ಬೇಲಿ ಸೇರಿರಿ ಎಂದು ಹುಡುಗನೊಬ್ಬ ಅಪ್ಪಣೆ ಕೊಡುತ್ತಾನೆ. ಐವರು ಹೊರಡುತ್ತಾರೆ. ಕಿಟಕಿಯೊಂದರಿಂದ ಗುಂಡು ಹಾರುತ್ತದೆ. ಐವರೂ ನೆಲಕ್ಕೆ ಬೀಳುತ್ತಾರೆ, ಸತ್ತಲ್ಲ, ಹೆದರಿ. ಮತ್ತೆ ಮೌಸ್ ಒತ್ತಿದರೆ ಯಾರೂ ಏಳುವುದಿಲ್ಲ. ಒಬ್ಬ ತೆವಳುತ್ತ ಹೇಳಿದ ದಿಕ್ಕು ಬಿಟ್ಟು ಹಳ್ಳದ ಕಡೆಗೆ ಸರಿಯುತ್ತಾನೆ. ಇನ್ನೊಬ್ಬ ಬಂದೂಕು ಕೈಯಲ್ಲಿದ್ದರೂ ಹಾರಿಸುವುದಿಲ್ಲ. ಪರಿಸ್ಥಿತಿ ಇನ್ನೂ ಕೆಟ್ಟರೆ ಓಡಿಹೋಗುವವರುಂಟು, ಕೈ ಮೇಲೆತ್ತಿ ಶರಣಾಗುವವರುಂಟು; ಅಪರೂಪಕ್ಕೆ ಹುಚ್ಚು ಹಿಡಿದವನಂತೆ ಒಬ್ಬನೇ ಮುನ್ನುಗ್ಗುವವನೂ ಉಂಟು. ‘ಏಳೋ, ಓಡೋ!’ ಎಂದು ಹುಡುಗ ಪರದೆಗೆ ಬೈಯುತ್ತಾನೆ. ಮೌಸ್ ಕೆಟ್ಟಿರಬಹುದೆಂದು ಅದನ್ನು ಮೇಜಿಗೆ ಕುಟ್ಟಿಯೂ ನೋಡುತ್ತಾನೆ!

ಕೆಟ್ಟದ್ದು ಮೌಸ್ ಅಲ್ಲ, ಅಪ್ಪಣೆ. ಗುಂಡಿನ ಮಳೆಗೆ ಯಾರನ್ನಾದರೂ ಹಾಗೆ ಕಳಿಸಬಹುದೇ? ನಾಲ್ಕಾರು ಸಲ ಸೋತ ಮೇಲೆ ಹುಡುಗ ಬೇರೆ ದಾರಿ ಹಿಡಿಯುತ್ತಾನೆ. ಒಂದು ತುಕಡಿ ಆ ಕಿಟಕಿಗೆ ಬಿಡದೆ ಗುಂಡು ಹಾರಿಸುತ್ತದೆ. ಒಳಗಿನವನು ತಲೆ ತಗ್ಗಿಸಿದ ಹೊತ್ತಿನಲ್ಲಿ ಇನ್ನೊಂದು ತುಕಡಿ ಸುತ್ತಿಕೊಂಡು ಹೋಗುತ್ತದೆ. ಯಾರಿಗೂ ತಾಕದ ಗುಂಡು ವ್ಯರ್ಥವಲ್ಲ. ಎದುರಾಳಿ ತಲೆ ಎತ್ತದಂತೆ ಮಾಡಿದರೆ ಅದರ ಕೆಲಸ ಆದಂತೆಯೇ. ಸೈನಿಕ ಶಾಲೆಗಳು ಕಲಿಸುವ ಈ ಪಾಠ, ಭಯವೇ ಇಲ್ಲದ ಸಿಪಾಯಿಗಳ ಆಟದಲ್ಲಿ ಹೇಗೆ ತಾನೇ ಹೊಳೆಯಬೇಕು?

ನಮ್ಮಲ್ಲಿ ‘ಉತ್ತರನ ಪೌರುಷ ಒಲೆಯ ಮುಂದೆ’ ಎಂದು ನಗುತ್ತೇವೆ. ವಿರಾಟನ ಮಗ ಕೌರವ ಸೇನೆಯನ್ನು ಕಂಡೊಡನೆ ರಥದಿಂದ ಹಾರಿ ಓಡಿದ ಎಂಬಲ್ಲಿಗೆ ಗಾದೆ ನಿಲ್ಲುತ್ತದೆ. ಕಥೆ ನಿಲ್ಲುವುದಿಲ್ಲ. ಬೃಹನ್ನಳೆಯ ವೇಷದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು, ಧೈರ್ಯ ಹೇಳಿ, ಲಗಾಮನ್ನು ಅವನ ಕೈಗೆ ಕೊಡುತ್ತಾನೆ. ಓಡಿಹೋದವನೇ ಆಮೇಲೆ ಅದೇ ರಣದಲ್ಲಿ ರಥ ನಡೆಸುತ್ತಾನೆ. 1977ರಲ್ಲಿ ಜಾನ್ ಹಿಲ್ ರೂಪಿಸಿದ ‘ಸ್ಕ್ವಾಡ್ ಲೀಡರ್’ ಎಂಬ ಹಲಗೆಯಾಟದಲ್ಲೂ ಹೀಗೆಯೇ. ಎರಡು ದಾಳ ಉರುಳಿಸಿ ಸಂಖ್ಯೆ ಮೀರಿದರೆ ತುಕಡಿಯ ಧೈರ್ಯ ಮುರಿದಂತೆ, ಬಿಲ್ಲೆಯನ್ನು ಮಗುಚಬೇಕು. ನಾಯಕನ ಬಿಲ್ಲೆ ಜೊತೆಗಿದ್ದರೆ ಅವರು ಮತ್ತೆ ಚೇತರಿಸಿಕೊಳ್ಳಬಹುದು. ‘ಕ್ಲೋಸ್ ಕಾಂಬ್ಯಾಟ್’ ಮೊದಲಿಗೆ ಈ ಆಟದ ಕಂಪ್ಯೂಟರ್ ರೂಪವಾಗಿಯೇ ಹೊರಟದ್ದು.

ಹಾಗೆಂದು ಪರದೆಯ ಸಿಪಾಯಿಗೆ ಎದೆ ಡವಗುಟ್ಟುತ್ತದೆ ಎಂದು ತಿಳಿಯಬಾರದು. ಅವನದು ಕೂಡಿಸಿ ಕಳೆಯುವ ಭಯ. ಎಷ್ಟು ಕೂಡಿಸಬೇಕು ಎಂಬಲ್ಲಿಯೇ ತೊಡಕು. ಅಮೆರಿಕದ ಎಸ್. ಎಲ್. ಎ. ಮಾರ್ಷಲ್ 1947ರ ತಮ್ಮ ಪುಸ್ತಕದಲ್ಲಿ, ಎರಡನೆಯ ಮಹಾಯುದ್ಧದಲ್ಲಿ ಕಾಲಾಳುಗಳ ಪೈಕಿ ಗುಂಡು ಹಾರಿಸಿದವರು ಕಾಲುಭಾಗಕ್ಕಿಂತ ಹೆಚ್ಚಿರಲಿಲ್ಲ ಎಂದು ಬರೆದರು. ದಶಕಗಳ ಕಾಲ ಎಲ್ಲರೂ ಅದನ್ನೇ ಉದ್ಧರಿಸಿದರು. 1988ರಲ್ಲಿ ಇತಿಹಾಸಕಾರ ರೋಜರ್ ಸ್ಪಿಲ್ಲರ್ ಆ ಅಂಕಿಗೆ ಆಧಾರವೇನು ಎಂದು ಕೇಳಿದಾಗ ಗಟ್ಟಿಯಾದದ್ದೇನೂ ಸಿಗಲಿಲ್ಲ. ಮನುಷ್ಯರ ಭಯವೇ ಹೀಗೆ ಅಳತೆಗೆ ಸಿಗದಿರುವಾಗ ಆಟ ಬರೆದವರ ಲೆಕ್ಕವನ್ನು ಒಂದು ಜಾಣ ಊಹೆ ಎನ್ನಬಹುದು, ಅಷ್ಟೆ.

2000ದಲ್ಲಿ ಬಂದ ‘ಕಾಂಬ್ಯಾಟ್ ಮಿಷನ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ ಆಟಗಾರರಿಬ್ಬರೂ ಅಪ್ಪಣೆ ಕೊಟ್ಟು ಮುಗಿಸಬೇಕು. ಆಮೇಲೆ ಒಂದು ನಿಮಿಷ ಯುದ್ಧ ತಾನೇ ನಡೆಯುತ್ತದೆ. ಆ 60 ಸೆಕೆಂಡು ಮಧ್ಯೆ ಬಾಯಿ ಹಾಕುವಂತಿಲ್ಲ. ಹೋಗಬೇಕೋ, ಮಲಗಬೇಕೋ, ಹಿಂದೆ ಸರಿಯಬೇಕೋ ಎಂಬುದು ಗುಂಡಿನ ಕೆಳಗಿರುವವರ ತೀರ್ಮಾನ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಯ ಹೊರಗೆ ಮರದ ಕೆಳಗೆ ನಿಂತ ತಂದೆತಾಯಿಗೆ ಈ ನಿಮಿಷದ ಚಡಪಡಿಕೆಯನ್ನು ವಿವರಿಸಬೇಕಾಗಿಲ್ಲ. ಹೇಳುವುದನ್ನೆಲ್ಲ ಹೇಳಿಯಾಗಿದೆ, ಗೇಟು ಮುಚ್ಚಿದೆ.

‘ಕ್ಲೋಸ್ ಕಾಂಬ್ಯಾಟ್’ನಲ್ಲಿ ಒಂದು ಕಾಳಗ ಮುಗಿದ ಮೇಲೆ ಸಿಪಾಯಿಗಳ ಪಟ್ಟಿ ಬರುತ್ತದೆ: ಸತ್ತವರು, ಗಾಯಗೊಂಡವರು, ಉಳಿದವರು. ಹುಡುಗ ಅದನ್ನು ಮೇಲಿನಿಂದ ಕೆಳಗೆ ಓದುತ್ತಾನೆ. ಏಳೋ ಎಂದು ಬೈಸಿಕೊಂಡು, ಅಪ್ಪಣೆ ಕೇಳದೆ ಹಳ್ಳಕ್ಕೆ ತೆವಳಿದ್ದವನ ಹೆಸರು ಉಳಿದವರ ಸಾಲಿನಲ್ಲಿದೆ. ಮುಂದಿನ ಕಾಳಗಕ್ಕೆ ಹೊರಡುವವರಲ್ಲಿ ಅವನೂ ಒಬ್ಬ.