ಆರು ತಂತಿಯ ಸಾಲದ ಲೆಕ್ಕ

ಗಿಟಾರ್ ಎಂದರೆ ನಮ್ಮಲ್ಲಿ ಇವತ್ತಿಗೂ ಕಾಲೇಜಿನ ವಾರ್ಷಿಕೋತ್ಸವ ನೆನಪಾಗುತ್ತದೆ, ಇಲ್ಲವೇ ಮರಕ್ಕೊರಗಿ ನಾಯಕಿಗಾಗಿ ಕಾಯುವ ಸಿನಿಮಾ ನಾಯಕ. ಪಕ್ಕವಾದ್ಯವಿಲ್ಲದೆ ಒಂಟಿಯಾಗಿ ಕಚೇರಿ ನಡೆಸುವ ಯೋಗ್ಯತೆ ಅದಕ್ಕಿದೆ ಎಂದರೆ ಅರ್ಧ ನಗುವವರೇ ಹೆಚ್ಚು. ಇದರಲ್ಲಿ ನಮ್ಮ ತಪ್ಪೇನೂ ಇಲ್ಲ, ಯುರೋಪಿನ ವಿದ್ವಜ್ಜನರೇ ಅದನ್ನು ಬಹುಕಾಲ ಜಗುಲಿಯ ಮೇಲೆ ಕೂರಿಸಿದ್ದರು. ಜೂಲಿಯನ್ ಬ್ರೀಮ್ ಎಂಬ ಲಂಡನ್ನಿನ ಹುಡುಗ ರಾಯಲ್ ಕಾಲೇಜ್ ಆಫ್ ಮ್ಯೂಸಿಕ್ ಸೇರಿದಾಗ ಅಲ್ಲಿ ಗಿಟಾರ್ ಪಾಠವೇ ಇರಲಿಲ್ಲ. ಪಿಯಾನೊ, ಚೆಲ್ಲೊ ಕಲಿಯುತ್ತ, ತನಗೆ ಬೇಕಾದ ವಾದ್ಯವನ್ನು ತನ್ನಷ್ಟಕ್ಕೆ ಮೀಟುತ್ತ ಅವನು ಬೆಳೆದ.

ಆ ಹುಡುಗ ಮೂವತ್ತು ತುಂಬುವ ಮೊದಲೇ, 1960ರಲ್ಲಿ, ಆರ್‌ಸಿಎ ಕಂಪನಿಗಾಗಿ ‘ದಿ ಆರ್ಟ್ ಆಫ್ ಜೂಲಿಯನ್ ಬ್ರೀಮ್’ ಎಂಬ ಒಂದು ಎಲ್‌ಪಿ ಮಾಡಿದ. ಹೆಸರಿನಲ್ಲಿ ಜಂಬ ಕಂಡರೂ ಒಳಗಿರುವುದು ವಿನಯದ ಕೆಲಸವೇ. ಫ್ರೆಸ್ಕೊಬಾಲ್ಡಿ, ಸ್ಕಾರ್ಲಾಟಿ, ಚಿಮರೋಸ, ಅಲ್ಬೆನಿಸ್, ರವೆಲ್, ರೂಸೆಲ್, ರೊಡ್ರಿಗೊ, ಬರ್ಕ್ಲಿ, ಹೀಗೆ ಮುನ್ನೂರು ವರ್ಷಕ್ಕೂ ಮೀರಿದ ಕಾಲ ಒಂದೇ ತಟ್ಟೆಯಲ್ಲಿ ತಿರುಗುತ್ತದೆ. ಬಿಡುವಾದಾಗಲೆಲ್ಲ ನಾನು ಇದನ್ನು ಹಾಕಿಕೊಂಡು ಕೂರುತ್ತೇನೆ. ಕೇಳುತ್ತ ಕೇಳುತ್ತ ಒಂದು ವಿಷಯ ಮನಸ್ಸಿಗೆ ಬಂತು: ಇದರಲ್ಲಿ ಹಳೆಯದೆನ್ನುವ ಯಾವುದೂ ಗಿಟಾರಿನದಲ್ಲ. ಮದುವೆಮನೆಗೆ ಕೇರಿಯ ಕೊಳದಪ್ಪಲೆ, ಹಂಡೆಗಳೆಲ್ಲ ಬಂದು ಸೇರುವ ಹಾಗೆ ಇಲ್ಲಿಗೆ ಅವೆಲ್ಲವೂ ಕಡ ಬಂದಿವೆ.

ರೋಮಿನ ಸಂತ ಪೀಟರ್ ಇಗರ್ಜಿಯಲ್ಲಿ ಆರ್ಗನ್ ನುಡಿಸುತ್ತಿದ್ದ ಫ್ರೆಸ್ಕೊಬಾಲ್ಡಿ ತನ್ನ ಮನೆತನದ ಹೆಸರನ್ನೇ ಇಟ್ಟು ಹೆಣೆದ ‘ಲಾ ಫ್ರೆಸ್ಕೊಬಾಲ್ಡಾ’ ಕೀಲಿಮಣೆಯ ಕೃತಿ. ಅದನ್ನು ಗಿಟಾರಿಗೆ ಇಳಿಸಿಕೊಟ್ಟವರು ಸ್ಪೇನಿನ ಮಹಾವಿದ್ವಾಂಸ ಆಂದ್ರೆಸ್ ಸೆಗೋವಿಯ. ಚಿಮರೋಸನ ಸೊನಾಟಗಳೂ ಕೀಲಿಮಣೆಯವೇ. ಆತನ ‘ಗುಟ್ಟಿನ ಮದುವೆ’ ಎಂಬ ಆಪೆರಾವನ್ನು 1792ರಲ್ಲಿ ನೋಡಿದ ಚಕ್ರವರ್ತಿ ಎರಡನೆಯ ಲಿಯೊಪೋಲ್ಡ್ ಎಲ್ಲರಿಗೂ ಊಟ ಹಾಕಿಸಿ ಅದೇ ರಾತ್ರಿ ಮತ್ತೊಮ್ಮೆ ಇಡೀ ಆಡಿಸಿದನಂತೆ. ಈ ಸೊನಾಟಗಳನ್ನು ನಾನಾದರೆ ಒಮ್ಮೆಗೇ ಬಿಡುತ್ತೇನೆ. ಸೊಗಸಾಗಿವೆ, ನಾಲಗೆಯ ಮೇಲೆ ನಿಲ್ಲುವುದಿಲ್ಲ.

ಸ್ಕಾರ್ಲಾಟಿಯ ವಿಚಾರವೇ ಬೇರೆ. ನೇಪಲ್ಸ್‌ನಲ್ಲಿ ಹುಟ್ಟಿದ ಈತ ರಾಜಕುಮಾರಿ ಮರಿಯಾ ಬಾರ್ಬರಾಗೆ ಗುರುವಾಗಿ, ಅವಳು ಮದುವೆಯಾಗಿ 1729ರಲ್ಲಿ ಸ್ಪೇನಿಗೆ ಹೋದಾಗ ತಾನೂ ಹಿಂದೆಯೇ ಹೋಗಿ, 1757ರಲ್ಲಿ ಮ್ಯಾಡ್ರಿಡ್‌ನಲ್ಲೇ ಕಣ್ಣು ಮುಚ್ಚಿದ. ಬರೆದ 555 ಸೊನಾಟಗಳಲ್ಲಿ ಬಹುಪಾಲು ಹಾರ್ಪ್ಸಿಕಾರ್ಡ್‌ಗೆ. ಆ ವಾದ್ಯದಲ್ಲೂ ಕೀಲಿ ಒತ್ತಿದರೆ ಒಳಗೆ ತಂತಿಯನ್ನು ಮೀಟುವ ಏರ್ಪಾಡಿದೆ, ಹಾಗಾಗಿ ಗಿಟಾರಿಗೆ ಬಂದಾಗ ಅವು ಪರಕೀಯ ಎನಿಸುವುದಿಲ್ಲ. ಅಷ್ಟೇ ಅಲ್ಲ, ಸ್ಕಾರ್ಲಾಟಿ ಕಿಕ್ಕಿರಿದು ಜೋಡಿಸಿದ ಸ್ವರಗುಚ್ಛಗಳಲ್ಲಿ ಸ್ಪೇನಿನ ಬೀದಿ ಗಿಟಾರಿನ ಝಲ್ಲೆನ್ನುವ ಹೊಡೆತವನ್ನು ಕೇಳಿದವರುಂಟು. ಮತೆಯೊ ಅಲ್ಬೆನಿಸ್‌ನದೂ ಇದೇ ಕತೆ. ಇಲ್ಲಿರುವ ಅವನ ಸೊನಾಟ ಕೀಲಿಮಣೆಗೆ ಬರೆದದ್ದು, ಅದರ ಮೈಯಲ್ಲಿ ಓಡುವುದು ಗಿಟಾರಿನ ರಕ್ತ. ಹೀಗೆ ನೋಡಿದರೆ ಯಾರು ಯಾರಿಗೆ ಬಾಕಿ? ಗಿಟಾರ್ ಸಾಲ ತಂದಿದೆ ಎಂದುಕೊಂಡರೆ, ತಾನೇ ಎಂದೋ ಕೊಟ್ಟದ್ದನ್ನು ಬಡ್ಡಿ ಸಮೇತ ವಸೂಲು ಮಾಡಿದೆ! ಬ್ರೀಮ್ ಸ್ಕಾರ್ಲಾಟಿಯ ಇ ಮೈನರ್ ಸೊನಾಟವನ್ನು ನುಡಿಸುವಾಗ ಆ ವಸೂಲಿಯಲ್ಲಿ ಅವಸರವಿಲ್ಲ. ಒಂದೊಂದು ಸಾಲಿನ ಕೊನೆಯಲ್ಲೂ ಕೂದಲೆಳೆಯಷ್ಟು ತಡೆದು ಮುಂದೆ ಹೋಗುತ್ತಾರೆ.

ನಿಜವಾದ ಕಷ್ಟ ರವೆಲ್‌ನ ‘ಪವಾನ್’ನಲ್ಲಿದೆ. 1899ರಲ್ಲಿ ಪಿಯಾನೊಗೆ ಬರೆದು, ಆಮೇಲೆ ರವೆಲ್ ತಾನೇ ವಾದ್ಯವೃಂದಕ್ಕೆ ಹೊಂದಿಸಿದ ಈ ಕೃತಿಯಲ್ಲಿ ರಾಗ ನೀಳವಾಗಿ, ಉಸಿರು ಕಡಿಯದೆ ಸಾಗಬೇಕು. ವೃಂದದಲ್ಲಿ ಆ ಭಾಗ್ಯ ಹಾರ್ನ್‌ಗೆ ಸಿಕ್ಕಿದೆ. ಗಿಟಾರಿನ ನಾದವೋ ಮೀಟಿದ ಮರುಕ್ಷಣದಿಂದಲೇ ಕರಗತೊಡಗುತ್ತದೆ. ವೀಣೆಯಲ್ಲಾದರೆ ತಂತಿಯನ್ನು ಎಳೆದು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಿ ನಾದವನ್ನು ಜೀವಂತ ಇಡಬಹುದು. ಇಲ್ಲಿ ಆ ಎಳೆತಕ್ಕೆ ಅಷ್ಟು ಅವಕಾಶವಿಲ್ಲ. ಬ್ರೀಮ್ ಎಡಗೈ ಬೆರಳನ್ನು ಒತ್ತಿದಲ್ಲೇ ಅಲುಗಿಸಿ ಸ್ವರವನ್ನು ಕಂಪಿಸುತ್ತಾರೆ. ಬಲಗೈಯನ್ನು ಕುದುರೆಯ ಹತ್ತಿರ ಒಯ್ದರೆ ಚೂಪಾದ, ಲೋಹದಂಥ ಸದ್ದು. ಮೆಟ್ಟಿಲುಗಳ ಕಡೆಗೆ ಸರಿಸಿದರೆ ದುಂಡಗಿನ, ತುಪ್ಪ ಸವರಿದಂಥ ಸದ್ದು. ಇವೆರಡರ ನಡುವೆ ಕೈ ಆಡಿಸುತ್ತಲೇ ಅವರು ಒಂಟಿ ಗಿಟಾರಿನಲ್ಲಿ ಕೊಳಲು, ಹಾರ್ನ್, ಪಿಟೀಲುಗಳ ಭ್ರಮೆ ಹುಟ್ಟಿಸುತ್ತಾರೆ. ಮೂಲದಲ್ಲಿರುವ ವೈಭವ ಇಲ್ಲಿಲ್ಲ, ನನಗೆ ಅದರ ಕೊರತೆಯೂ ಕಾಣಲಿಲ್ಲ.

ಗಿಟಾರಿನ ಸ್ವಂತ ಆಸ್ತಿ ಎಂದರೆ ಮೂರೇ ಕೃತಿ, ಮೂರೂ ಇಪ್ಪತ್ತನೆಯ ಶತಮಾನದವು. ರೂಸೆಲ್‌ನ ಪುಟ್ಟ ರಚನೆಯ ಹೆಸರೇ ‘ಸೆಗೋವಿಯ’. ಈತ ಫ್ರೆಂಚ್ ನೌಕಾಪಡೆ ಬಿಟ್ಟು ಸಂಗೀತಕ್ಕೆ ಬಂದವನು. ಹೆಂಡತಿಯೊಡನೆ ಭಾರತ ಸುತ್ತಿ, ಚಿತ್ತೋಡದ ಹಾಳುಕೋಟೆ ನೋಡಿ, ‘ಪದ್ಮಾವತಿ’ ಎಂಬ ಆಪೆರಾ ಬರೆದ ಭೂಪನೂ ಇವನೇ. ಎರಡನೆಯ ಕೃತಿ ರೊಡ್ರಿಗೊನದು. ಗಿಟಾರಿಗೆ ಬಹಳಷ್ಟು ಬರೆದ ಈತನಿಗೆ ಮೂರನೆಯ ವಯಸ್ಸಿನಿಂದ ಕಣ್ಣಿರಲಿಲ್ಲ. ಆತ ನುಡಿಸುತ್ತಿದ್ದುದು ಪಿಯಾನೊ.

ನನಗೆ ಎಲ್ಲಕ್ಕಿಂತ ಇಷ್ಟ ಲೆನಾಕ್ಸ್ ಬರ್ಕ್ಲಿಯ ಸೊನಾಟಿನ. 1957ರಲ್ಲಿ ಬ್ರೀಮ್‌ಗಾಗಿಯೇ ಬರೆದದ್ದು. ನಡುವಿನ ನಿಧಾನಗತಿಯ ಭಾಗದಲ್ಲಿ ಸ್ಪೇನಿನ ಬಿಸಿಲೂ ಇಲ್ಲ, ರಾಜಸಭೆಯ ಬಿಗುಮಾನವೂ ಇಲ್ಲ. ಇಂಗ್ಲೆಂಡಿನ ತಣ್ಣನೆಯ, ಮಾತು ಕಡಿಮೆಯ ಸಂಜೆಯಿದೆ. ಬೇರೆ ವಾದ್ಯಕ್ಕೆ ಒಪ್ಪಿಸಿದರೆ ಇದು ಸೊರಗುತ್ತದೆ ಎಂದು ನನ್ನ ಅಂದಾಜು. ಈ ತಟ್ಟೆಯಲ್ಲಿ ಎಲ್ಲರ ಋಣ ತೀರಿಸಿದ ಮೇಲೆ ಬ್ರೀಮ್ ಸಾಲ ಕೇಳುವುದಕ್ಕಿಂತ ಹೊಸ ಕೃತಿ ಬರೆಸುವುದರಲ್ಲೇ ಹೆಚ್ಚು ಮುತುವರ್ಜಿ ವಹಿಸಿದರು. 1963ರಲ್ಲಿ ಬ್ರೀಮ್‌ಗಾಗಿ ಬೆಂಜಮಿನ್ ಬ್ರಿಟನ್ ‘ನಾಕ್ಟರ್ನಲ್’ ಬರೆದರು, ಮುಂದೆ ವಿಲಿಯಂ ವಾಲ್ಟನ್ ಐದು ಬಗಟೆಲ್‌ಗಳನ್ನು ಕೊಟ್ಟರು. ಇಂದು ಯಾವ ದೇಶದ ಗಿಟಾರ್ ವಿದ್ಯಾರ್ಥಿಯೂ ಇವನ್ನು ದಾಟದೆ ವಿದ್ವಾಂಸನಾಗುವುದು ಕಷ್ಟ.